ಮುಯ್ಯಿಗೆ ಹೋದ ನಲವತ್ತು ದಿನ

ಸಾವಿರದ ಒಂಬೈನೂರ ತೊಂಬತ್ತೆರಡರ ಆಗಸ್ಟ್ ಹತ್ತು, ಸೋಮವಾರ. ಸಂಜೆ ನಾಲ್ಕೂವರೆಗೆ ರೇಷ್ಮೆ ಸಂಘದ ಗಂಟೆ ಬಾರಿಸಿದಾಗ ನಾನು ಗೇಟಿನಾಚೆ ಸೈಕಲ್ಲಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು ನಿಂತಿದ್ದೆ. ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದರು. ಹುಳ ಬೆಂದ ವಾಸನೆಯೂ ಅವರ ಜೊತೆಯಲ್ಲೇ ಹೊರಬಂತು. ಆ ಗುಂಪಿನಲ್ಲಿ ಅವ್ವನ ತಲೆ ಕಂಡದ್ದೇ ತಡ, ಕೂಗಿಬಿಟ್ಟೆ.

“ಅವ್ವಾ, ತುಂಬ್ತು! ಇಪ್ಪತ್ತು ವರ್ಷ ತುಂಬ್ತು! ಇನ್ನು ಯಾರಪ್ಪ ಬಂದ್ರೂ ಕಿತ್ಕೊಳ್ಳೋಕಾಗಲ್ಲ!”

“ಮೆತ್ಗೆ ಮಾತಾಡ್ಲಾ,” ಎಂದಳು ಅವ್ವ. “ಗೇಟಾದ್ರೂ ದಾಟ್ತೀನಿ ತಡಿ.”

ಅವಳ ಹಿಂದೆಯೇ ಬಂದ ಅವ್ವನ ಗೆಳತಿ ಲಕ್ಕಮ್ಮತ್ತೆ ನಕ್ಕಳು. “ಮಗ ಲಾಯರಿ ಓದಿದ್ರೆ ಹಿಂಗೇ ಕಣೆ ನರಸಿ. ಹುಟ್ಟಿದ ದಿನಾನೂ ಇವನು ಹಿಂಗೇ ಕಿರುಚ್ತಿದ್ದ. ಆಗ ಹಾಲಿಗೆ, ಈಗ ಹಕ್ಕಿಗೆ.”

ನಮ್ಮೂರು ಜಡಿಗೇನಹಳ್ಳಿಯಿಂದ ಎರಡು ಮೈಲಿ. ಊರ ಮುಂದಿನ ಉದ್ದನೆಯ ಹೆಂಚಿನ ಶೆಡ್ಡೇ ಚೌಡೇಶ್ವರಿ ರೇಷ್ಮೆ ಸಹಕಾರ ಸಂಘ. ಸುತ್ತಲಿನ ರೈತರು ಗೂಡು ತಂದು ಹಾಕುತ್ತಾರೆ. ಹೆಂಗಸರು ಅದನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎಳೆ ಹುಡುಕಿ ಹಿಡಿದು, ನೂಲು ಬಿಚ್ಚುತ್ತಾರೆ. ರೈತರೂ ಸಂಘದ ಸದಸ್ಯರು, ಹೆಂಗಸರೂ ಸದಸ್ಯರು. ಆದರೆ ಕುರ್ಚಿಯ ಮೇಲೆ ಕೂರುವವರು ರೈತರು, ತೊಟ್ಟಿಯ ಮುಂದೆ ನಿಲ್ಲುವವರು ಹೆಂಗಸರು. ಸಂಘದ ಹದಿನೇಳನೇ ನಿಯಮದ ಪ್ರಕಾರ, ಇಪ್ಪತ್ತು ವರ್ಷ ದುಡಿದವರಿಗೆ ಕೆಲಸ ಬಿಟ್ಟ ಮೇಲೆ ಜೀವ ಇರುವವರೆಗೂ ತಿಂಗಳು ತಿಂಗಳು ಪಿಂಚಣಿ. ಈಗ ಸಂಘ ನಷ್ಟದಲ್ಲಿತ್ತು. ಸೆಪ್ಟೆಂಬರ್ ಆರರ ಸರ್ವಸದಸ್ಯರ ಸಭೆಯಲ್ಲಿ ಹದಿನೇಳನೇ ನಿಯಮವನ್ನು ತೆಗೆದುಹಾಕಲಾಗುವುದು ಎಂದು ಬೋರ್ಡಿಗೆ ನೋಟಿಸು ಅಂಟಿಸಿದ್ದರು.

ಅವ್ವ ಕೆಲಸ ಬಿಡಲೇಬೇಕಿತ್ತು. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ನೆನೆದ ಬೆರಳ ಸಂದುಗಳು ಒಡೆದು, ಕೀವು ಕಟ್ಟಿ, ಮುದ್ದೆ ಮುರಿಯುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಇನ್ನೊಂದು ವರ್ಷ ನೀರಿಗೆ ಕೈ ಹಾಕಿದರೆ ಬೆರಳು ಉಳಿಯುವ ಭರವಸೆ ಕೊಡಲಾರೆ ಎಂದು ಹೊಸಕೋಟೆಯ ಡಾಕ್ಟರು ಹೇಳಿದ್ದರು. ಪಿಂಚಣಿ ಇಲ್ಲದೆ ಬಿಡುವ ಹಾಗೂ ಇರಲಿಲ್ಲ. ಅಪ್ಪನ ಸಂಪಾದನೆ ಅಪ್ಪನ ಎಮ್ಮೆಗಳಿಗೇ ಸಾಲದು.

ಆ ಸಂಜೆ ಜಗಲಿಯ ಮೇಲೆ ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ನಮ್ಮ ಕಾಲೇಜಿನ ಮೇಷ್ಟ್ರನ್ನು ಕರೆತಂದೆ. ಅಂದರೆ ಅವರ ಗಂಟಲನ್ನು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಪ್ರತಿ ಮಾತಿನ ಕೊನೆಗೂ ‘ಅಲ್ಲವೋ?’ ಸೇರಿಸಿ ಶುರುಮಾಡಿದೆ.

“ಆಸೆ ಬೇರೆ, ಹಕ್ಕು ಬೇರೆ. ಅಲ್ಲವೋ? ಹತ್ತೊಂಬತ್ತು ವರ್ಷ ದುಡಿದವಳಿಗೆ ಇರೋದು ಆಸೆ. ನಿಯಮ ಬದಲಾದ್ರೆ ಆಸೆ ಹೋಗುತ್ತೆ. ಇಪ್ಪತ್ತು ತುಂಬಿದ ಗಳಿಗೆಗೆ ಅದು ವೆಸ್ಟೆಡ್ ರೈಟ್. ಕನ್ನಡದಲ್ಲಿ ನಿಹಿತ ಹಕ್ಕು. ಆಮೇಲೆ ನಿಯಮ ಬದಲಾಯಿಸಿದ್ರೂ ಹಿಂದಕ್ಕೆ ಕೈ ಚಾಚಿ ಅದನ್ನ ತಗೊಳ್ಳೋಕಾಗಲ್ಲ. ಅಲ್ಲವೋ?”

“ಅದೇನಪ್ಪ, ವೇಸ್ಟಾ?” ಎಂದಳು ಅವ್ವ.

“ವೇಸ್ಟಲ್ಲವ್ವ, ಅದರ ತದ್ವಿರುದ್ಧ! ಬಸ್ಸಿಗೆ ಕಾಯೋದು ಬೇರೆ, ಟಿಕೆಟ್ ತಗೊಂಡು ಸೀಟಲ್ಲಿ ಕೂತಿರೋದು ಬೇರೆ. ನೀನು ಕೂತ್ಬಿಟ್ಟಿದೀಯ.”

“ಟಿಕೆಟ್ ತಗೊಂಡೋರ್ನೂ ಬಸ್ಸು ಕೆಟ್ಟೋಯ್ತು ಅಂತ ದಾರೀಲಿ ಇಳಿಸ್ತಾರಲ್ಲಪ್ಪ,” ಎಂದಳು ಲಕ್ಕಮ್ಮತ್ತೆ. ನಂತರ ಸ್ವಲ್ಪ ತಡೆದು, “ನಂಗೆ ಅಕ್ಟೋಬರ್ ಹನ್ನೆರಡಕ್ಕೆ ತುಂಬೋದು. ನನ್ನ ಬಸ್ಸು?” ಎಂದು ಕೇಳಿದಳು.

ನನ್ನ ಮೇಷ್ಟ್ರು ಅಲ್ಲಿಗೇ ಗಂಟಲು ಕಟ್ಟಿಕೊಂಡರು. ಸಭೆ ಸೆಪ್ಟೆಂಬರ್ ಆರಕ್ಕೆ. ಅವಳಿಗೆ ತುಂಬುವುದು ಅದಾಗಿ ಮೂವತ್ತಾರು ದಿನಕ್ಕೆ. ಲಕ್ಕಮ್ಮತ್ತೆಗೆ ಮಕ್ಕಳಿಲ್ಲ. ಗಂಡ ಇದ್ದ ಅರ್ಧ ಎಕರೆಯನ್ನೂ ಮಾರಿ ಮಾಲೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ನಾನು ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡೆ.

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ಆದರೆ ಆಗಸ್ಟ್ ಕೊನೆಯ ಭಾನುವಾರ ಊರ ಟೀ ಅಂಗಡಿಯಲ್ಲಿ ಗೆಳೆಯರು ಕೂಡಿದಾಗ ಸಂಘದ ಕಾರ್ಯದರ್ಶಿ ಹರಿಪ್ರಸಾದರ ಅವತಾರ ಎತ್ತಿದೆ. ಅವರದು ಬಹಳ ಸುಲಭ. ಪೆನ್ನಿನ ಕ್ಯಾಪನ್ನು ಟಕ್ ಎಂದು ತೆಗೆಯಬೇಕು, ಟಕ್ ಎಂದು ಹಾಕಬೇಕು, ನಡುವೆ “ರೂಲ್ಸ್ ಪ್ರಕಾರ ನೋಡೋದಾದ್ರೇ...” ಎಂದು ಎಳೆಯಬೇಕು.

“ರೂಲ್ಸ್ ಪ್ರಕಾರ ನೋಡೋದಾದ್ರೇ, ನರಸಮ್ಮನೋರೇ, ನಿಮ್ಮ ಪಿಂಚಣಿ ಮುಟ್ಟೋಕೆ ನನ್ನ ಕೈಲಾಗಲ್ಲಾ. ನಿಮ್ಮ ಮಗ ಲಾಯರಿ ಓದ್ತಾ ಅವ್ನೇ. ನನ್ನ ಪೆನ್ನಲ್ಲಿ ಇಂಕೂ ಇಲ್ಲಾ...” ಟಕ್.

ಯಾರೂ ನಗಲಿಲ್ಲ. ಎಲ್ಲರೂ ನನ್ನ ಹಿಂದಕ್ಕೆ ನೋಡುತ್ತಿದ್ದರು.

“ಚೆನ್ನಾಗಿ ಮಾಡ್ತೀಯಪ್ಪ ದೇವೇಂದ್ರ,” ಎಂದರು ಹಿಂದೆ ನಿಂತಿದ್ದ ಹರಿಪ್ರಸಾದ್. “ಎಳೆಯೋದು ಇನ್ನೊಂಚೂರು ಕಮ್ಮಿ ಮಾಡು.” ನನ್ನ ಟೀ ದುಡ್ಡನ್ನೂ ಅವರೇ ಕೊಟ್ಟು ಹೋದರು. ಬೈದಿದ್ದರೆ ನಿದ್ದೆ ಬರುತ್ತಿತ್ತು.

ಮಾರನೆಯ ದಿನವೇ ಅವರು ಅಟ್ಟದ ಮೇಲಿದ್ದ ಹಳೆಯ ಹಾಜರಿ ಪುಸ್ತಕಗಳನ್ನು ಇಳಿಸಿದರು. ಗುರುವಾರ ಅವ್ವನನ್ನು ಆಫೀಸಿಗೆ ಕರೆಸಿದರು. ಕಾಲೇಜಿಗೆ ಚಕ್ಕರ್ ಹೊಡೆದು ನಾನೂ ಹೋದೆ. ಮೇಜಿನ ಮೇಲೆ ಎಪ್ಪತ್ತೆರಡನೇ ಇಸವಿಯ ಪುಸ್ತಕ ತೆರೆದಿತ್ತು. ನರಸಮ್ಮ ಎಂಬ ಹೆಸರಿನ ಮುಂದೆ ಆಗಸ್ಟ್ ಹತ್ತರಿಂದ ಮೂವತ್ತೊಂದರವರೆಗೆ ಅವ್ವನ ವಕ್ರ ಸಹಿಗಳು, ಒಂದಕ್ಕೊಂದು ಜಗಳವಾಡಿಕೊಂಡಂತಿದ್ದವು. ಸೆಪ್ಟೆಂಬರ್ ಒಂದರಿಂದ ಸಹಿಯೇ ಇಲ್ಲ. ಅದೇ ಸಾಲಿನಲ್ಲಿ ನಲವತ್ತು ಹೆಬ್ಬೆಟ್ಟುಗಳು, ನೀಲಿ ನೀಲಿ; ಸಂಘಕ್ಕೆ ಭಾನುವಾರದ ರಜೆ ಬಂದದ್ದು ಆಮೇಲೆ. ಆಮೇಲೆ ಮತ್ತೆ ಸಹಿ.

“ಇದು ಯಾರ ಹೆಬ್ಬೆಟ್ಟಮ್ಮ?” ಟಕ್.

“ಲಕ್ಕಮ್ಮಂದು,” ಎಂದಳು ಅವ್ವ ಸಲೀಸಾಗಿ. “ನಾನು ಇವನನ್ನ ಹೆತ್ತು ಮನೇಲಿದ್ದೆ. ಅವಳು ಮುಯ್ಯಾಳು ಬಂದಿದ್ಲು.”

ನಮ್ಮ ಕಡೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಕಳೆ ಕೀಳುವ ಹೊತ್ತಿಗೆ ನಿಮ್ಮ ಹೊಲಕ್ಕೆ ನಾನು ಒಂದು ದಿನ ಬಂದರೆ, ನನ್ನ ಹೊಲಕ್ಕೆ ನೀವು ಒಂದು ದಿನ ಬರಬೇಕು. ಅದೇ ಮುಯ್ಯಿ. ಹಾಗೆ ಬಂದವರು ಮುಯ್ಯಾಳು. ಅರವತ್ತರ ದಶಕದಲ್ಲಿ ಸಂಘ ಹೊಸದಾಗಿ ತೆರೆದಾಗಲೇ ನಮ್ಮ ಹೆಂಗಸರು ಅದನ್ನೂ ಒಂದು ಹೊಲ ಎಂದೇ ಎಣಿಸಿದ್ದರು. ಜ್ವರ ಬಂದರೆ, ಹೆರಿಗೆಯಾದರೆ, ತೊಟ್ಟಿ ಖಾಲಿ ಬಿಡಬಾರದೆಂದು ಮುಯ್ಯಾಳು ಕಳಿಸುತ್ತಿದ್ದರು. ಲಕ್ಕಮ್ಮತ್ತೆ ಕೆಲಸ ಕಲಿತದ್ದೇ ಆ ನಲವತ್ತು ದಿನಗಳಲ್ಲಿ. ಅದು ಮುಗಿದ ಮೇಲೆ ಅಕ್ಟೋಬರ್ ಹನ್ನೆರಡಕ್ಕೆ ಅವಳ ಹೆಸರಿಗೇ ಒಂದು ತೊಟ್ಟಿ ಸಿಕ್ಕಿತ್ತು.

“ರೂಲ್ಸ್ ಪ್ರಕಾರ ನೋಡೋದಾದ್ರೇ,” ಎಂದರು ಹರಿಪ್ರಸಾದ್, ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ, “ದುಡಿದೋರು ಯಾರೋ ದಿನ ಅವರದ್ದು. ನಿಮ್ಮ ಲೆಕ್ಕದಲ್ಲಿ ನಲವತ್ತು ದಿನ ಕಮ್ಮಿ. ನಿಮಗೆ ತುಂಬೋದು ಸೆಪ್ಟೆಂಬರ್ ಹತ್ತೊಂಬತ್ತಕ್ಕೆ. ಅಷ್ಟರಲ್ಲಿ ನಿಯಮಾನೇ ಇರಲ್ಲ.”

ಆಗಸ್ಟ್ ಹತ್ತರಂದು ಸೀಟಿನಲ್ಲಿ ಕೂತಿದ್ದ ಅವ್ವನನ್ನು ಆ ಮನುಷ್ಯ ಎಬ್ಬಿಸಿ ಮತ್ತೆ ಬಸ್ ಸ್ಟಾಂಡಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಅದೂ ನಾನು ಹುಟ್ಟಿದ ತಪ್ಪಿಗೆ, ಮತ್ತು ನಾನೇ ಬಾಯಿಬಿಟ್ಟ ತಪ್ಪಿಗೆ.

“ಆ ನಲವತ್ತು ದಿನ ಲಕ್ಕಮ್ಮಂದು,” ಎಂದು ಅವರು ಪುಸ್ತಕ ಮುಚ್ಚಿದರು. “ಅದನ್ನ ಸೇರಿಸಿದ್ರೆ ಅವಳಿಗೆ ನಿನ್ನೇನೇ ಇಪ್ಪತ್ತು ವರ್ಷ ತುಂಬೋಯ್ತು.”

ಆ ಮಾತಿನ ಬಿಸಿ ನನಗೆ ತಟ್ಟಿದ್ದು ಹೊರಗೆ ಬಂದ ಮೇಲೆ. ನಲವತ್ತು ದಿನ ಅವ್ವನ ಕಡೆ ಇದ್ದರೆ ಪಿಂಚಣಿ ಅವ್ವನದು, ಲಕ್ಕಮ್ಮತ್ತೆಯದಲ್ಲ. ಲಕ್ಕಮ್ಮತ್ತೆಯ ಕಡೆಗೆ ಹೋದರೆ ಅವಳದು, ಅವ್ವನದಲ್ಲ. ಒಂದೇ ಕಂಬಳಿ, ಇಬ್ಬರು ಹೆಂಗಸರು. ಇಬ್ಬರೂ ಎಳೆದಾಡಿದರೆ ಹರಿಪ್ರಸಾದ್ ಕಡತದ ಮೇಲೆ ‘ತಕರಾರು’ ಎಂದು ಬರೆದು ಮೇಲಿನ ಕಚೇರಿಗೆ ಕಳಿಸುತ್ತಾರೆ. ಅದು ಇತ್ಯರ್ಥವಾಗುವವರೆಗೆ ಇಬ್ಬರಿಗೂ ಕೊಡಬೇಕಾಗಿಲ್ಲ. ಅಂಥ ಕಡತಗಳ ವಯಸ್ಸು ಮೇಷ್ಟ್ರು ಹೇಳಿದ್ದರು. ಕೆಲವಕ್ಕೆ ಮತ ಹಾಕುವಷ್ಟು ವಯಸ್ಸಾಗಿರುತ್ತದಂತೆ.

“ಅವ್ವ, ಲಕ್ಕಮ್ಮತ್ತೆ ಕೇಳಿದ್ರೆ ಏನ್ ಮಾಡ್ತೀಯ?”

“ಏನ್ ಕೇಳಿದ್ರೆ?”

“ಆ ದಿನಗಳನ್ನ.”

ಅವ್ವ ನಡೆಯುವುದನ್ನು ನಿಲ್ಲಿಸಲಿಲ್ಲ. “ಕೇಳಲ್ಲ,” ಎಂದಳು. ಹತ್ತು ಹೆಜ್ಜೆಯಾದ ಮೇಲೆ, “ಕೇಳಿದ್ರೂ ತಪ್ಪೇನು, ಅವಳಿಗೆ ಯಾರವ್ರೆ?” ಎಂದಳು.

ಶನಿವಾರ ಸಂಜೆ ನಾನು ಲಕ್ಕಮ್ಮತ್ತೆಯ ಮನೆಗೆ ಹೋದೆ. ಬಾಗಿಲಲ್ಲೇ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಳು. ಯಾವಾಗಲೂ ನಾನು ಹೋದರೆ “ಬಾರಪ್ಪ ಜಡ್ಜು” ಎನ್ನುವವಳು ಅವತ್ತು ಮೊರ ನೋಡುತ್ತಲೇ ಇದ್ದಳು. ಕಾಳು ಉದುರುವಾಗ ನೋಡಿದೆ. ಅವಳ ಎಡಗೈ ಹೆಬ್ಬೆರಳು ನೀಲಿ.

“ಸೆಕ್ರೆಟ್ರಿ ಬಂದಿದ್ನಾ ಅತ್ತೆ?”

“ಬಂದಿದ್ದ.”

“ಅರ್ಜಿ ತಂದಿದ್ನಾ?”

“ತಂದಿದ್ದ.” ಮೊರವನ್ನು ಒಮ್ಮೆ ಕೇರಿದಳು. “ನೀನು ಹೋಗಪ್ಪ ದೇವ. ಓದ್ಕೋ ಹೋಗು.”

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಒಲೆಯ ಮೇಲಿನ ಮುದ್ದೆ ತೊಳಸುತ್ತ, ಒಡೆದ ಬೆರಳುಗಳಲ್ಲಿ ಕೋಲು ಹಿಡಿಯಲಾಗದೆ ಎರಡೂ ಮುಂಗೈಗಳ ನಡುವೆ ಅದನ್ನು ಒತ್ತಿಹಿಡಿದಿದ್ದಳು. “ಹೆಬ್ಬೆಟ್ಟು ಒತ್ತಿದ್ರೆ ಒತ್ಲಿ ಬಿಡು,” ಎಂದಳು. ಆದರೆ ಆ ದಿನ ಮುದ್ದೆ ಗಂಟು ಗಂಟಾಗಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಪ್ಪ ಅದರ ಬಗ್ಗೆ ತಕರಾರು ಎತ್ತದೆ ಉಂಡ.

ಭಾನುವಾರ ಹತ್ತು ಗಂಟೆಗೆ ಶೆಡ್ಡು ತುಂಬಿಹೋಯಿತು. ತೊಟ್ಟಿಗಳಿಗೆ ಹಲಗೆ ಮುಚ್ಚಿ ಅದರ ಮೇಲೆಲ್ಲ ಜನ ಕೂತಿದ್ದರು. ಒಂದು ಕಡೆ ಗೂಡು ಬೆಳೆಯುವ ರೈತರು, ಇನ್ನೊಂದು ಕಡೆ ಹೆಂಗಸರು. ಮೈಕು ಕುಯ್ ಎಂದು ಕೂಗಿ ಅಧ್ಯಕ್ಷ ವೆಂಕಟರಾಯಪ್ಪನವರಿಗಿಂತ ಮೊದಲು ಭಾಷಣ ಶುರುಮಾಡಿತ್ತು. ನಾನು ರಾತ್ರಿಯೆಲ್ಲ ಬರೆದ ಆರು ಪುಟ ಹಿಡಿದು ಮುಂದೆ ಹೋದೆ.

“ಅಧ್ಯಕ್ಷರೇ, ನಿಹಿತ ಹಕ್ಕು ಅಂದರೆ...”

“ನೀನು ಸಂಘದ ಸದಸ್ಯನೇನಪ್ಪ?” ಎಂದರು ವೆಂಕಟರಾಯಪ್ಪ.

“ಅಲ್ಲ, ಆದ್ರೆ...”

“ಹಂಗಾದ್ರೆ ಆಚೆ ನಿಂತ್ಕೊ ಮಗ. ಸದಸ್ಯರು ಮಾತಾಡ್ಲಿ.”

ಆರು ಪುಟ ಮಡಚಿಕೊಂಡು ಕಿಟಕಿಯ ಹೊರಗೆ ನಿಂತೆ. ಕಾನೂನು ಕಾಲೇಜಿನ ಮೂರನೇ ವರ್ಷದವನಿಗೆ ಅಲ್ಲಿ ಒಂದು ರೇಷ್ಮೆಹುಳಕ್ಕಿದ್ದ ಸ್ಥಾನವೂ ಇರಲಿಲ್ಲ. ಹುಳವಾದರೂ ಒಳಗಿತ್ತು.

ಹರಿಪ್ರಸಾದ್ ಎದ್ದು ಎಪ್ಪತ್ತೆರಡನೇ ಇಸವಿಯ ಪುಸ್ತಕ ಎತ್ತಿಹಿಡಿದು ನಲವತ್ತು ಹೆಬ್ಬೆಟ್ಟುಗಳ ಕಥೆ ಹೇಳಿದರು. ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದರು.

“ಆ ದಿನಗಳು ನನ್ನವು ಅಂತ ಲಕ್ಕಮ್ಮನೇ ಅರ್ಜಿ ಕೊಟ್ಟಿದಾರೆ. ಆದ್ದರಿಂದ ಇದು ತಕರಾರು. ಮೇಲಿನ ಕಚೇರಿಗೆ ಬರೆದು...”

“ಅದರ ಮೇಲಿರೋ ಹೆಬ್ಬೆಟ್ಟು ನಂದೇಯ,” ಎಂದು ಒಂದು ಗಂಟಲು ಕೂಗಿತು.

ಲಕ್ಕಮ್ಮತ್ತೆ ಎದ್ದು ನಿಂತಿದ್ದಳು. ತೊಟ್ಟಿಯ ಗದ್ದಲದ ನಡುವೆ ಮಾತಾಡಿ ಮಾತಾಡಿ ಪಳಗಿದ ಗಂಟಲು, ಮೈಕು ಬೇಕಿರಲಿಲ್ಲ. “ನಾನೇ ಒತ್ತಿದ್ದು. ಯಾರೂ ಮೋಸ ಮಾಡ್ಲಿಲ್ಲ, ಸೆಕ್ರೆಟ್ರಿ ಓದಿ ಹೇಳ್ದ, ನಾನು ಒತ್ತಿದೆ. ನಂಗೆ ಆಸೆ ಆಯ್ತು. ನಾಳೆ ನಾನು ಹಾಸಿಗೆ ಹಿಡಿದ್ರೆ ಒಂದು ಲೋಟ ನೀರು ಕೊಡೋರು ನಮ್ಮನೇಲಿ ಯಾರವ್ರೆ? ಆಸೆ ಆಯ್ತು, ಒತ್ತಿದೆ.”

ಹೆಂಗಸರ ಕಡೆ ಯಾರೋ ‘ಅಯ್ಯೋ’ ಎಂದರು. ಅವ್ವ ನೆಲ ನೋಡುತ್ತಿದ್ದಳು.

“ಒತ್ತಿ ಆದ್ಮೇಲೆ ಕೂತ್ಕೊಂಡು ಅಲಸಂದೆಕಾಯಿ ಬಿಡಿಸ್ತಿದ್ದೆ. ಆಗ ತಲೇಗೆ ಬಂತು. ಆ ನಲವತ್ತು ದಿನಾನ ನರಸಿ ನಂಗೆ ಆವಾಗ್ಲೇ ತೀರಿಸವ್ಳೆ! ನನ್ನ ರಾಗಿ ಹೊಲಕ್ಕೆ ನಲವತ್ತು ಭಾನುವಾರ ಬಂದವ್ಳೆ. ಈ ಲಾಯರಿ ಹುಡುಗನ್ನ ಹೊಂಗೆಮರಕ್ಕೆ ಜೋಲಿ ಕಟ್ಟಿ ಮಲಗ್ಸಿ ಕಳೆ ಕಿತ್ತವ್ಳೆ, ತೆನೆ ಕೊಯ್ದವ್ಳೆ. ಒಂದು ವಾರ ಅಲ್ಲ, ನಲವತ್ತು ವಾರ! ಈಗ ಆ ದಿನಗಳನ್ನ ನಾನು ವಾಪಸ್ ತಗೊಂಡ್ರೆ, ಅವಳ ನಲವತ್ತು ಭಾನುವಾರ ನಾನು ವಾಪಸ್ ಕೊಡ್ಬೇಕಲ್ಲ? ಎಲ್ಲಿಂದ ತಂದ್ಕೊಡ್ಲಿ? ಹೊಲ ಇಲ್ಲ. ಅವಳಿಗೆ ಆವಾಗಿನ ಬೆರಳಿಲ್ಲ. ನಂಗೆ ಆವಾಗಿನ ಸೊಂಟ ಇಲ್ಲ. ತೀರಿದ ಮುಯ್ಯಿ ತೀರ್ತು. ಕೊಟ್ಟೋಳೂ ಕೇಳಂಗಿಲ್ಲ, ನಡುವೆ ಈ ಸೆಕ್ರೆಟ್ರಿ ಯಾರು ಕೇಳೋಕೆ?”

ಆರು ಪುಟಗಳಲ್ಲಿ, ಮೇಷ್ಟ್ರ ಗಂಟಲಿನಲ್ಲಿ, ಬಸ್ಸಿನ ಟಿಕೆಟ್ಟಿನಲ್ಲಿ ನಾನು ಹೇಳಲಾಗದ್ದನ್ನು ಹೆಬ್ಬೆಟ್ಟಿನ ಹೆಂಗಸು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.

“ಆ ಅರ್ಜಿ ಕೊಡಿಲ್ಲಿ,” ಎಂದು ಮುಂದೆ ಹೋಗಿ ಮೇಜಿನ ಮೇಲಿದ್ದ ಇಂಕಿನ ಡಬ್ಬಿಗೆ ಬೆರಳು ಅದ್ದಿದಳು. “ಇದು ಬ್ಯಾಡ ಅಂತ ಹಿಂದ್ಗಡೆ ಬರೀರಿ. ಅದಕ್ಕೂ ಒತ್ತುತೀನಿ.”

ಹರಿಪ್ರಸಾದ್ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ತಲೆಯಾಡಿಸಿದರು. ಬರೆದರು. ಒತ್ತಿದಳು. ಆದರೆ ಆ ಮನುಷ್ಯ ಅಷ್ಟಕ್ಕೇ ಬಿಡುವವರಲ್ಲ. ಟಕ್ ಎಂದು ಕ್ಯಾಪು ಹಾಕಿ, “ಮುಯ್ಯಿ ಗಿಯ್ಯಿ ಎಲ್ಲ ಹೊಲದಲ್ಲಿ. ರೂಲ್ಸ್ ಪ್ರಕಾರ ಆ ದಿನಗಳು ನರಸಮ್ಮಂದು ಅನ್ನೋಕೆ ಸಂಘದ ಪುಸ್ತಕದಲ್ಲಿ ಆಧಾರ ಏನಿದೆ?” ಎಂದರು.

ನಾನು ಕಿಟಕಿಯಿಂದ ಪಿಸುಗುಟ್ಟಿದೆ, “ಅವ್ವ! ಕೂಲಿ ಪುಸ್ತಕ! ಕೂಲಿ ಪುಸ್ತಕ ಕೇಳು!”

ಅವ್ವ ನಿಧಾನವಾಗಿ ಎದ್ದಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ಯಾರೂ ನೋಡಿರಲಿಲ್ಲ. “ಹಾಜರಿ ಪುಸ್ತಕ ತೋರ್ಸಿದ್ರಿ. ಅದೇ ತಿಂಗಳ ಕೂಲಿ ಪುಸ್ತಕಾನೂ ತೋರ್ಸಿ,” ಎಂದಳು. “ಆ ನಲವತ್ತು ದಿನದ ಕೂಲಿ ಯಾರ ಕೈಗೆ ಕೊಟ್ಟಿದೀರಿ ನೋಡಿ.”

ಅಟ್ಟದಿಂದ ಇನ್ನೊಂದು ಪುಸ್ತಕ ಇಳಿಯಿತು. ಧೂಳಿಗೆ ಮೈಕೇ ಸೀನಿತು. ವೆಂಕಟರಾಯಪ್ಪ ತಾವೇ ಕನ್ನಡಕ ಹಾಕಿಕೊಂಡು ಹುಡುಕಿದರು.

“ನರಸಮ್ಮಂದೇ ಸೈ ಐತೆ,” ಎಂದರು ಕೊನೆಗೆ. “ಬಾಣಂತಿ ಕೈಬರಹ. ಗಿರಗಿರ ತಿರುಗೈತೆ.”

“ಮುಯ್ಯಾಳಿಗೆ ಯಾರಾದ್ರೂ ಕೂಲಿ ಕೊಡ್ತಾರಾ?” ಎಂದಳು ಅವ್ವ. “ಲಕ್ಕಿ ಒಂದು ಪೈಸೆ ತಗೊಳ್ಲಿಲ್ಲ. ನನ್ನ ದಿನ ಅಂತ ನಂಗೇ ಕೊಟ್ರಿ. ಇಪ್ಪತ್ತು ವರ್ಷ ನಂದಾಗಿದ್ದಿದ್ದು ಇವತ್ತು ಹೆಂಗೆ ನಂದಲ್ಲ ಅಂತೀರಿ?”

ಹೆಂಗಸರ ಕಡೆಯಿಂದ ಚಪ್ಪಾಳೆಯಲ್ಲ, ತೊಟ್ಟಿಯ ಹಲಗೆಗಳ ಮೇಲೆ ದಬದಬ ಬಡಿತ ಶುರುವಾಯಿತು. ಅದರ ನಡುವೆ ಒಬ್ಬಳು, “ಅಧ್ಯಕ್ಷರೇ, ನಿಮ್ಮವ್ವ ಅಮ್ಮಯಮ್ಮ ಕಾಲು ಮುರ್ಕೊಂಡಾಗ ಎರಡು ತಿಂಗಳು ಅವರ ತೊಟ್ಟೀಲಿ ನಿಂತೋಳು ನಾನು! ಅವರು ಪಿಂಚಣಿ ತಗೋತಾವ್ರಲ್ಲ!” ಎಂದು ಕೂಗಿದಳು. ಬಡಿತ ಇನ್ನೂ ಜೋರಾಯಿತು. ವೆಂಕಟರಾಯಪ್ಪನವರ ಮೀಸೆಯ ಕೆಳಗೆ ನಗು ಬಂದದ್ದನ್ನು ಮೀಸೆಗೆ ಮುಚ್ಚಲಾಗಲಿಲ್ಲ.

“ನರಸಮ್ಮನಿಗೆ ಆಗಸ್ಟ್ ಹತ್ತಕ್ಕೇ ತುಂಬೈತೆ. ಇವತ್ತು ನಾವು ಏನ್ ಬದಲಾಯಿಸಿದ್ರೂ ಅದಕ್ಕೆ ತಗಲಲ್ಲ. ಬರ್ಕೊಳ್ಳಪ್ಪ ಹರಿಪ್ರಸಾದ್.”

ನಾನು ಕಿಟಕಿಯ ಸರಳಿಗೇ ಮುತ್ತು ಕೊಟ್ಟೆ. ತುಕ್ಕಿನ ರುಚಿ.

ಆ ಕ್ಷಣವೇ ಲಕ್ಕಮ್ಮತ್ತೆಯ ಮುಖ ನೋಡಿದೆ. ಅವಳೂ ಹಲಗೆ ಬಡಿಯುತ್ತಿದ್ದಳು, ಆದರೆ ಬಡಿತಕ್ಕೂ ಕಣ್ಣಿಗೂ ಹೊಂದಿಕೆಯಿರಲಿಲ್ಲ. ಇನ್ನು ಐದು ನಿಮಿಷಕ್ಕೆ ಹದಿನೇಳನೇ ನಿಯಮ ಹೋಗುತ್ತದೆ. ಹತ್ತೊಂಬತ್ತು ವರ್ಷ, ಹತ್ತಿರಹತ್ತಿರ ಹನ್ನೊಂದು ತಿಂಗಳು ಅವಳನ್ನು ಕಾಪಾಡಲಾರವು. ಅವಳದು ಇನ್ನೂ ಆಸೆ. ಕಾನೂನಿನ ಯಾವ ಪುಟವೂ ಅವಳ ಪರವಾಗಿ ತೆರೆಯುವುದಿಲ್ಲ.

ಅವ್ವ ಕೂತಿರಲಿಲ್ಲ.

“ಇನ್ನೊಂದು ಮಾತೈತೆ,” ಎಂದಳು. “ನಿಯಮ ತೆಗೀತೀರಿ, ತೆಗೀರಿ. ಸಂಘ ಮುಳುಗಿದ್ರೆ ನಮಗೂ ಗೊತ್ತಾಗ್ತದೆ. ಆದ್ರೆ ಇವತ್ತಿಂದ ಬ್ಯಾಡ. ದೀಪಾವಳಿ ಆದ್ಮೇಲಿಂದ ತೆಗೀರಿ. ಅಷ್ಟರೊಳಗೆ ಯಾರಿಗೆ ತುಂಬ್ತದೋ ತುಂಬ್ಲಿ. ಇದು ನಂಗೇನೂ ಬ್ಯಾಡ, ನಂದು ಆಯ್ತು. ಇದನ್ನ ಕೈಯೆತ್ತಿಸಿ ಕೇಳಿ.”

“ಅದಕ್ಕೆ ರೂಲ್ಸ್...” ಎಂದು ಹರಿಪ್ರಸಾದ್ ಪೆನ್ನು ಎತ್ತಿದರು.

“ಸದಸ್ಯರೇ ಹೇಳಿದ ಮೇಲೆ ಕೇಳ್ಬೇಕಾಗ್ತದೆ,” ಎಂದರು ವೆಂಕಟರಾಯಪ್ಪ. “ದೀಪಾವಳಿವರೆಗೆ ನಿಯಮ ಇರ್ಲಿ ಅನ್ನೋರು ಕೈ ಎತ್ತಿ.”

ಹೆಂಗಸರ ಕೈಗಳು ಎದ್ದವು. ಬಿಳಿಚಿಕೊಂಡು ಮುದುಡಿದ ಬೆರಳುಗಳು, ಐವತ್ತರ ಮೇಲೆ. ಆದರೆ ಎಣಿಕೆಯಲ್ಲಿ ರೈತರೇ ಜಾಸ್ತಿ. ಅವರ ಕಡೆ ತೋಳು ಕಟ್ಟಿಕೊಂಡ ಅರವತ್ತೆಪ್ಪತ್ತು ಜನ. ಹರಿಪ್ರಸಾದ್ ಎಣಿಸತೊಡಗಿದರು. ಕೆಲವು ಹುಡುಗಿಯರು ಉತ್ಸಾಹಕ್ಕೆ ಎರಡೆರಡು ಕೈ ಎತ್ತಿದ್ದರಿಂದ ಲೆಕ್ಕ ತಪ್ಪಿತು. ಮತ್ತೆ ಎಣಿಸಿದರು. ಮತ್ತೆ ತಪ್ಪಿತು.

“ಏಯ್, ಹಿಂಗಾಗಲ್ಲ!” ರೈತರ ಸಾಲಿನಿಂದ ಆವಲಪ್ಪ ಎದ್ದ. ಸಮೇತನಹಳ್ಳಿ ಕಡೆಯ ಮುದುಕ, ಗೂಡಿನ ದರದ ಬಗ್ಗೆ ಜಗಳವಾಡುವುದು ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯದವನು. “ಕೈ ಎಣಿಸೋದು ಬಿಡ್ರಿ. ಬೇಕು ಅನ್ನೋರು ಬಾಗಿಲ ಕಡೆ ನಿಂತ್ಕಳ್ಳಿ, ಬ್ಯಾಡ ಅನ್ನೋರು ಒಲೆ ಕಡೆ ನಿಂತ್ಕಳ್ಳಿ. ತಲೆ ಎಣಿಸ್ರಿ. ತಲೆ ಎಲ್ಲರಿಗೂ ಒಂದೇ.”

ಎಲ್ಲರೂ ಎದ್ದರು. ಹೆಂಗಸರೆಲ್ಲ ಬಾಗಿಲ ಕಡೆಗೆ ನುಗ್ಗಿದರು. ರೈತರು ಒಲೆಯ ಕಡೆಗೆ ಹೊರಟರು. ಆವಲಪ್ಪ ಮಾತ್ರ ಶೆಡ್ಡಿನ ನಡುವೆ ನಿಂತಿದ್ದ.

“ಏನಣ್ಣ, ನಿಂದ್ಯಾವ ಕಡೆ?” ಎಂದು ಯಾರೋ ಕೇಳಿದರು.

“ಯೋಚನೆ ಮಾಡ್ತಾ ಇವ್ನಿ,” ಎಂದ ಆವಲಪ್ಪ. “ಹೋದ ವರ್ಷ ನನ್ನ ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ನಾಲ್ಕು ಜನ ಮುಯ್ಯಾಳು ಬಂದಿದ್ರು. ಅದ್ರಲ್ಲಿ ಮೂರು ಜನ ಈ ಕಡೆ ನಿಂತವ್ರೆ. ನಾನು ಆ ಕಡೆ ನಿಂತ್ರೆ ಈ ವರ್ಷ ಸೊಪ್ಪು ಯಾರು ಕೊಯ್ತಾರೆ?” ಎಂದವನೇ ಪಂಚೆ ಎತ್ತಿ ಕಟ್ಟಿ ಬಾಗಿಲ ಕಡೆಗೆ ನಡೆದ.

ಒಂದು ನಗೆ ಎದ್ದಿತು. ಆಮೇಲೆ ಒಲೆಯ ಕಡೆಯ ಸಾಲು ಅಲುಗಾಡಿತು. ಒಬ್ಬ ತನ್ನ ಹೆಂಡತಿಯ ಕಣ್ಣು ತಪ್ಪಿಸಲಾಗದೆ ಬಂದ. ಇನ್ನೊಬ್ಬ “ಎರಡು ತಿಂಗಳಲ್ವಾ ಗುರು, ಇರ್ಲಿ ಬಿಡು” ಎನ್ನುತ್ತ ಬಂದ. ಅವನ ಹಿಂದೆ ನಾಲ್ವರು. ನಾನು ಕಿಟಕಿಯಲ್ಲೇ ಕುಣಿಯುತ್ತ ತಲೆ ಎಣಿಸುತ್ತಿದ್ದೆ. ಐವತ್ತೆಂಟು, ಅರವತ್ತು, ಅರವತ್ತಮೂರು. ಹರಿಪ್ರಸಾದರ ಬೆರಳೂ ಗಾಳಿಯಲ್ಲಿ ಎಣಿಸುತ್ತಿತ್ತು. ಒಂದೊಂದು ತಲೆ ದಾಟಿದಾಗಲೂ ಹೆಂಗಸರು “ಹೋ!” ಎನ್ನುತ್ತಿದ್ದರು. ಆ ಸದ್ದಿಗೆ ಹೆಂಚಿನ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು.

ಬಾಗಿಲ ಕಡೆ ಅರವತ್ತೇಳು. ಒಲೆಯ ಕಡೆ ಐವತ್ತೆಂಟು.

ಲಕ್ಕಮ್ಮತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವ್ವ ಅವಳ ಪಕ್ಕ ಕೂತು, “ಏಳೆ, ಇನ್ನೂ ಮೂವತ್ತಾರು ದಿನ ಐತೆ, ಈಗ್ಲೇ ಕೂರ್ತೀಯ,” ಎಂದು ಬೈದಳು. ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ ಕಿಟಕಿಯಿಂದ ತಿಳಿಯಲಿಲ್ಲ.

ಆ ಮೂವತ್ತಾರು ದಿನ ಲಕ್ಕಮ್ಮತ್ತೆ ಹೇಗೆ ನಡೆದಳೆಂದರೆ, ತಲೆಯ ಮೇಲೆ ತುಂಬಿದ ಕೊಡ ಹೊತ್ತವಳಂತೆ. ಮಳೆ ಬಂದರೆ ಛತ್ರಿ, ಬಿಸಿಲಿಗೂ ಛತ್ರಿ. ಹರಿಪ್ರಸಾದ್ ಎದುರು ಬಂದರೆ ತಗ್ಗಿಸಿದ ತಲೆ. ಅವರು ಬೇಕೆಂದೇ ಅವಳಿಗೆ ಕೆಟ್ಟ ಗೂಡು, ಕರೆ ಹಿಡಿದ ಗೂಡು, ಎಳೆ ಸಿಗದ ಗೂಡು ಕೊಡಿಸುತ್ತಿದ್ದರು. ಸೋರುವ ತೊಟ್ಟಿಗೆ ಕಳಿಸಿದರು. ಎರಡು ಸಲ ನೂಲು ದಪ್ಪವಾಯಿತೆಂದು ಎಲ್ಲರೆದುರು ಗದರಿದರು. ಅವಳು ತುಟಿ ಬಿಚ್ಚಲಿಲ್ಲ, ನೂಲು ಮಾತ್ರ ಬಿಚ್ಚಿದಳು.

ಅಕ್ಟೋಬರ್ ಹನ್ನೆರಡು, ಸೋಮವಾರ. ಸಂಜೆಯ ಗಂಟೆ ಬಾರಿಸಿತು. ಊರಿನ ಅರ್ಧ ಜನ ಗೇಟಿನಲ್ಲಿದ್ದರು. ವೆಂಕಟರಾಯಪ್ಪ ತಾವೇ ಪಿಂಚಣಿ ಪುಸ್ತಕಕ್ಕೆ ಸಹಿ ಹಾಕಿ, ಮೊಹರು ಒತ್ತಿ, ಲಕ್ಕಮ್ಮತ್ತೆಯ ಕೈಗಿಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ನನ್ನ ಬಳಿಗೆ ಬಂದಳು.

“ಜಡ್ಜಪ್ಪ, ಇದು ಈಗ ನಂದಾ?”

“ನಿಂದೇ ಅತ್ತೆ.”

“ನಾಳೆ ಅವರು ಮನಸ್ಸು ಬದಲಾಯ್ಸಿದ್ರೂ?”

“ನಿಂದೇ.”

“ನಿಯಮ ತೆಗೆದ್ರೂ?”

“ತೆಗೆದ್ರೂ ನಿಂದೇ. ಸೆಕ್ರೆಟ್ರಿ ಬದಲಾದ್ರೂ, ಅಧ್ಯಕ್ಷರು ಬದಲಾದ್ರೂ.”

“ಸೆಕ್ರೆಟ್ರಿಗೆ ನನ್ನ ಮೇಲೆ ಸಿಟ್ಟು ಬಂದ್ರೂ?”

“ಯಾರ ಸಿಟ್ಟೂ ಇದಕ್ಕೆ ತಗಲಲ್ಲ.”

ಲಕ್ಕಮ್ಮತ್ತೆ ಪುಸ್ತಕವನ್ನು ರವಿಕೆಯೊಳಗೆ ಭದ್ರ ಮಾಡಿಕೊಂಡಳು. ಸೆರಗು ಸೊಂಟಕ್ಕೆ ಬಿಗಿದಳು. ಛತ್ರಿಯನ್ನು ಅವ್ವನ ಕೈಗೆ ಕೊಟ್ಟಳು. “ಇಪ್ಪತ್ತು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದೀನಿ,” ಎಂದು, ಗೇಟಿನಿಂದ ತಿರುಗಿ, ದಾಪುಗಾಲು ಹಾಕುತ್ತ ಹರಿಪ್ರಸಾದರ ಆಫೀಸಿನೊಳಕ್ಕೆ ಹೋದಳು.

ಬಾಗಿಲು ಹಾಕಿಕೊಂಡಳು. ಆದರೂ ಗೇಟಿನವರೆಗೂ ಎಲ್ಲವೂ ಕೇಳಿಸಿತು. ಮೇಷ್ಟ್ರನ್ನು, ಅಧ್ಯಕ್ಷರನ್ನು, ಮೈಕನ್ನು ಕೂಡ ಅಣಕಿಸಬಲ್ಲ ನಾನು, ಆ ಸಂಜೆಯ ಲಕ್ಕಮ್ಮತ್ತೆಯನ್ನು ಇಂದಿಗೂ ಅಣಕಿಸಲಾರೆ. ಕೆಲವು ಬೈಗುಳಗಳನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನನ್ನ ಅಪ್ಪ ಒಂದೆರಡನ್ನು ಬಾಯಿಪಾಠ ಮಾಡಿಕೊಂಡ. ಅವ್ವ ಛತ್ರಿಯನ್ನು ಬಿಚ್ಚುತ್ತ, ಮಡಚುತ್ತ, “ನಿಧಾನ ಕಣೆ, ಉಸಿರು ಕಟ್ಟೀತು,” ಎಂದು ಹೊರಗಿನಿಂದಲೇ ಕೂಗುತ್ತಿದ್ದಳು. ಒಳಗೆ ಪೆನ್ನಿನ ಕ್ಯಾಪಿನ ಸದ್ದು ಒಂದು ಸಲವೂ ಕೇಳಿಸಲಿಲ್ಲ.